ಶ್ರೀಮಂಗಲದಲ್ಲಿ ಈಗ ಗಂಟೆ ಎಷ್ಟು?

ಗೋಣಿಕೊಪ್ಪಲು ದಾಟಿದರೆ ಪೊನ್ನಂಪೇಟೆ, ಅಲ್ಲಿಂದ ಹುದಿಕೇರಿ, ಆಮೇಲೆ ಶ್ರೀಮಂಗಲ. ಇದೇ ರಸ್ತೆಯಲ್ಲಿ ಇನ್ನೂ ಮುಂದೆ ಹೋದರೆ ಕುಟ್ಟ, ಅದರಾಚೆ ಕೇರಳದ ತೋಲ್ಪೆಟ್ಟಿ. ದಕ್ಷಿಣ ಕೊಡಗಿಗೆ ಬರುವ ಹೆಚ್ಚಿನ ಪ್ರವಾಸಿಗರ ಪಾಲಿಗೆ ಶ್ರೀಮಂಗಲ ಅಂದರೆ ಇರ್ಪು ಜಲಪಾತಕ್ಕೆ ಹೋಗುವಾಗ ಕಾರು ನಿಲ್ಲಿಸಿ ಕಾಫಿ ಕುಡಿಯುವ ಜಾಗ, ಅಷ್ಟೇ. ಒಂದು ಸಣ್ಣ ಪೇಟೆ, ಸುತ್ತ ಕಾಫಿ ತೋಟ, ತಗ್ಗಿನಲ್ಲಿ ಗದ್ದೆ, ದೂರಕ್ಕೆ ಬ್ರಹ್ಮಗಿರಿ ಬೆಟ್ಟ. ಮಳೆಯನ್ನು ಇಲ್ಲಿನವರು ಇಂಚಿನಲ್ಲೇ ಹೇಳೋದು. ಸಂಜೆ ತೋಟದ ದಾರಿ ಹಿಡಿಯುವ ಮುಂಚೆ ಆನೆ ಎಲ್ಲಿದೆ ಅಂತ ಕೇಳಿಕೊಳ್ಳೋದೂ ಇಲ್ಲಿ ರೂಢಿ.

ನಾನು ಅಲ್ಲಿಗೆ ಹೋಗೋದು ಚಿಕ್ಕಮ್ಮನ ಮನೆಗೆ. ಕಾಳುಮೆಣಸು ಒಣಗಿಸುವ ಅಂಗಳ, ಹಂಚಿನ ಮಾಡು, ಗೋಡೆಯ ಮೇಲೆ ಐದು ನಿಮಿಷ ಮುಂದಿಟ್ಟ ಗಡಿಯಾರ. ಬಸ್ಸು ತಪ್ಪಬಾರದು ಅಂತ ಚಿಕ್ಕಪ್ಪ ಎಷ್ಟೋ ವರ್ಷದ ಹಿಂದೆ ಹಾಗೆ ಇಟ್ಟಿದ್ದು. ಐದು ನಿಮಿಷ ಮುಂದಿದೆ ಅನ್ನೋದು ಮನೆಯವರಿಗೆಲ್ಲ ಗೊತ್ತು, ಹಾಗಾಗಿ ಎಲ್ಲರೂ ಮನಸ್ಸಲ್ಲೇ ಐದು ಕಳೆದುಕೊಳ್ತಾರೆ. ಬಸ್ಸು ತಪ್ಪೋದು ತಪ್ಪುತ್ತಲೇ ಇದೆ.

ಆ ಗಡಿಯಾರದ ಕೆಳಗೆ ಹೋದ ಅಕ್ಟೋಬರಿನಲ್ಲಿ ಒಂದು ಮೇಜು ಬಂತು, ಮೇಜಿನ ಮೇಲೆ ಲ್ಯಾಪ್‌ಟಾಪ್ ಬಂತು. ಚಿಕ್ಕಮ್ಮನ ಮಗಳು ಡಬ್ಲಿನ್‌ನಲ್ಲಿ ಕೆಲಸದಲ್ಲಿದ್ದಾಳೆ. ಅಮ್ಮನ ಮಂಡಿ ಆಪರೇಷನ್ ಆಗಿತ್ತು, ಆರು ವಾರ ಜೊತೆಗಿರಬೇಕು ಅಂತ ಅವಳ ಆಸೆ. ಅಷ್ಟು ರಜೆ ಯಾರು ಕೊಡ್ತಾರೆ? ಊರಿಂದಲೇ ಕೆಲಸ ಮಾಡ್ತೀನಿ ಅಂದಳು. ಆಫೀಸು ಒಪ್ಪಿತು, ಆದರೆ ಒಂದು ಷರತ್ತು: ಡಬ್ಲಿನ್ ಸಮಯಕ್ಕೆ ಸರಿಯಾಗಿ ಎಲ್ಲ ಮೀಟಿಂಗಿಗೂ ಇರಬೇಕು. ಒಂದೆರಡು ತಪ್ಪಿದರೂ ವಾಪಸ್ ಬಾ ಅನ್ನುವ ಧಾಟಿ ಆ ಮೇಲ್‌ನಲ್ಲಿತ್ತು.

ಲೆಕ್ಕ ಹಾಕಿ ನೋಡಿದರೆ ಇದು ಒಳ್ಳೆಯ ವ್ಯವಸ್ಥೆಯೇ. ಅಕ್ಟೋಬರಿನಲ್ಲಿ ಡಬ್ಲಿನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅಲ್ಲಿನ ಬೆಳಿಗ್ಗೆ 9:30ರ ಮೀಟಿಂಗ್ ಅಂದರೆ ಇಲ್ಲಿ ಮಧ್ಯಾಹ್ನ 2 ಗಂಟೆ. ಬೆಳಗಿನ ಹೊತ್ತೆಲ್ಲ ಅಮ್ಮನಿಗೆ: ವ್ಯಾಯಾಮ ಮಾಡಿಸೋದು, ಗೋಣಿಕೊಪ್ಪಲಿಗೆ ಡಾಕ್ಟರ ಹತ್ತಿರ ಕರೆದೊಯ್ಯೋದು. ಊಟ ಮುಗಿಸಿ ಮೇಜಿಗೆ ಕೂತರೆ ರಾತ್ರಿ ಹತ್ತೂವರೆವರೆಗೆ ಆಫೀಸು.

ಅವಳು ಬಂದ ದಾರಿ ಡಬ್ಲಿನ್, ಅಬುಧಾಬಿ, ಕಣ್ಣೂರು. 2018ರ ಡಿಸೆಂಬರ್‌ನಲ್ಲಿ ಕಣ್ಣೂರು ವಿಮಾನ ನಿಲ್ದಾಣ ಶುರುವಾದ ಮೇಲೆ ದಕ್ಷಿಣ ಕೊಡಗಿನವರಿಗೆ ಕೊಲ್ಲಿ ರಾಷ್ಟ್ರಗಳು ಬೆಂಗಳೂರಿನಷ್ಟೇ ಹತ್ತಿರವಾಗಿವೆ. ಇರಿಟ್ಟಿ ದಾಟಿ ಮಾಕುಟ್ಟದ ಕಾಡು ಹತ್ತಿದರೆ ವಿರಾಜಪೇಟೆ, ಅಲ್ಲಿಂದ ಮನೆ. ಕಣ್ಣೂರಿನಲ್ಲಿ ಇಳಿದು ಏರ್‌ಪ್ಲೇನ್ ಮೋಡ್ ತೆಗೆದ ಕೂಡಲೇ ಫೋನು ಭಾರತದ ಸಮಯಕ್ಕೆ ಬಂದಿತ್ತು. ಲ್ಯಾಪ್‌ಟಾಪ್ ಮಾತ್ರ ಮನೆಗೆ ಬಂದು ತೆರೆದಾಗಲೂ ಅಬುಧಾಬಿಯಲ್ಲೇ ಕೂತಿತ್ತು. ಅಲ್ಲಿನ ನಿಲ್ದಾಣದ ವೈಫೈಗೆ ಅದನ್ನು ಜೋಡಿಸಿದ್ದಳು. ಸ್ವಲ್ಪ ಹೊತ್ತಿಗೆ ಸರಿಹೋಯಿತು. ಮಧ್ಯಾಹ್ನ ಆಫೀಸಿನ ವಿಪಿಎನ್ ಹಾಕಿದಳು ನೋಡಿ, ಗಡಿಯಾರ ಮೆಲ್ಲಗೆ ಡಬ್ಲಿನ್‌ಗೆ ಹಾರಿತು. "ಇದಕ್ಕಿನ್ನೂ ಜೆಟ್‌ಲ್ಯಾಗ್ ಬಿಟ್ಟಿಲ್ಲ" ಅಂದರು ಚಿಕ್ಕಮ್ಮ.

ಈ ಹಾರಾಟ ಅರ್ಥವಾಗಬೇಕಾದರೆ ಕೊಡಗಿನದೇ ಒಂದು ಉದಾಹರಣೆ ಇದೆ, ತಲಕಾವೇರಿಯ ತೀರ್ಥೋದ್ಭವ. ಸೂರ್ಯ ತುಲಾ ರಾಶಿಗೆ ಕಾಲಿಡುವ ಗಳಿಗೆ ಅದು. 2023ರಲ್ಲಿ ಅದು ಅಕ್ಟೋಬರ್ 18ರ ನಸುಕಿನ 1:27ಕ್ಕೆ ಬಿತ್ತು, 2024ರಲ್ಲಿ ಅಕ್ಟೋಬರ್ 17ರ ಬೆಳಿಗ್ಗೆ 7:40ಕ್ಕೆ. ಪಂಚಾಂಗದ ಸೌರ ವರ್ಷ 365 ದಿನದ ಮೇಲೆ ಸುಮಾರು ಆರು ಗಂಟೆ ಹೆಚ್ಚಿರೋದರಿಂದ ಪ್ರತಿ ವರ್ಷ ಗಳಿಗೆ ಅಷ್ಟು ಮುಂದಕ್ಕೆ ಸರಿಯುತ್ತೆ. ಆ 7:40ನ್ನೇ ನೋಡಿ. ಅದೇ ಕ್ಷಣ ದುಬೈನಲ್ಲಿ ಬೆಳಿಗ್ಗೆ 6:10. ಡಬ್ಲಿನ್, ಲಂಡನ್‌ಗಳಲ್ಲಿ ನಸುಕಿನ 3:10. ಸಿಡ್ನಿಯಲ್ಲಿ ಮಧ್ಯಾಹ್ನ 1:10. ಟೊರೊಂಟೊದಲ್ಲಂತೂ ಇನ್ನೂ ಹಿಂದಿನ ದಿನ, 16ರ ರಾತ್ರಿ 10:10. ಕುಂಡಿಕೆಯ ಎದುರು ನಿಂತವರಿಗೂ ಅಲ್ಲೆಲ್ಲ ಫೋನಿನಲ್ಲಿ ನೇರಪ್ರಸಾರ ನೋಡುತ್ತಾ ಕೂತವರಿಗೂ ಕ್ಷಣ ಒಂದೇ. ಬೇರೆ ಇರೋದು ಗೋಡೆಯ ಗಡಿಯಾರ.

ಲ್ಯಾಪ್‌ಟಾಪ್ ಕೂಡ ಕ್ಷಣವನ್ನು ಹೀಗೇ ತಿಳಿಯುತ್ತೆ. ಇಂಟರ್ನೆಟ್ ಸಿಕ್ಕಾಗಲೆಲ್ಲ ಸರ್ವರ್ ಒಂದನ್ನು ಕೇಳಿ ಜಗತ್ತಿಗೆಲ್ಲ ಒಂದೇ ಆದ ಯುಟಿಸಿ ಸಮಯಕ್ಕೆ ತನ್ನನ್ನು ಹೊಂದಿಸಿಕೊಳ್ಳುತ್ತೆ. ಶಟ್‌ಡೌನ್ ಮಾಡಿ ಬ್ಯಾಗಿನಲ್ಲಿಟ್ಟರೂ ಒಳಗಿನ ಪುಟ್ಟ ಗಡಿಯಾರ ಓಡ್ತಾನೇ ಇರುತ್ತೆ. ಅದರಲ್ಲಿ ತಪ್ಪುವುದು ಅಪರೂಪ. ಅದಕ್ಕೆ ಗೊತ್ತಿಲ್ಲದೆ ಇರೋದು ತಾನು ಯಾವ ಊರಲ್ಲಿದ್ದೇನೆ ಅನ್ನೋದು. ಊರು ಗೊತ್ತಾದರೆ ತಾನೆ ಯುಟಿಸಿಗೆ ಐದೂವರೆ ಗಂಟೆ ಸೇರಿಸಬೇಕೋ, ಒಂದೇ ಗಂಟೆಯೋ, ನಾಲ್ಕೋ ಅಂತ ತೀರ್ಮಾನ ಮಾಡೋದು?

ಫೋನಿಗೆ ಈ ಕಷ್ಟ ಕಡಿಮೆ. ಮೊಬೈಲ್ ಟವರೇ "ನೀನು ಇಂಥ ಸಮಯ ವಲಯದಲ್ಲಿದ್ದೀಯ" ಅಂತ ಹೇಳಿಬಿಡುತ್ತೆ. ಸಿಮ್ ಇಲ್ಲದ ಲ್ಯಾಪ್‌ಟಾಪ್ ಊಹೆ ಮಾಡಬೇಕು. ಸುತ್ತಮುತ್ತಲಿನ ವೈಫೈಗಳನ್ನು ನೋಡಿ, ಇವು ಯಾವ ಊರಿನವು ಅಂತ ಪರಿಚಿತ ಪಟ್ಟಿಯಲ್ಲಿ ಹುಡುಕುತ್ತೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಒಮ್ಮೆಗೇ ಇಪ್ಪತ್ತು ಮೂವತ್ತು ವೈಫೈ ಕಾಣುತ್ತೆ, ಊಹೆ ಸುಲಭ. ತೋಟದ ಮಧ್ಯದ ಒಂಟಿ ಮನೆಯಲ್ಲಿ ಕಾಣೋದು ಮನೆಯದೊಂದೇ ವೈಫೈ, ಪಕ್ಕದ ಮನೆ ಎರಡು ತಿರುವು ಆಚೆ. ಆಗ ಉಳಿಯುವ ದಾರಿ ಇಂಟರ್ನೆಟ್ ವಿಳಾಸ, ಅಂದರೆ ಐಪಿ ಅಡ್ರೆಸ್. ವಿಪಿಎನ್ ಹಾಕಿದ ಮೇಲೆ ಆ ವಿಳಾಸ ಆಫೀಸಿನದು, ಆಫೀಸು ಡಬ್ಲಿನ್‌ನಲ್ಲಿ. ಲ್ಯಾಪ್‌ಟಾಪ್ ತನಗೆ ಸಿಕ್ಕ ಒಂದೇ ಸಾಕ್ಷಿಯನ್ನು ನಂಬಿತು. ವಿಪಿಎನ್ ಇಲ್ಲದೆ ಫೋನಿನ ಹಾಟ್‌ಸ್ಪಾಟ್ ಹಾಕಿದಾಗ ಅದು ತನ್ನನ್ನು ಚೆನ್ನೈಯಲ್ಲೋ ಮುಂಬೈಯಲ್ಲೋ ಇದೆ ಅಂದುಕೊಳ್ಳಬಹುದು, ಆದರೆ ಇಡೀ ದೇಶಕ್ಕೆ ಒಂದೇ ಸಮಯ ಇರೋದರಿಂದ ಆ ತಪ್ಪು ನಮಗೆ ತಟ್ಟೋದೇ ಇಲ್ಲ.

ಚಿಕ್ಕಪ್ಪ ತಕ್ಷಣ ಉಪಾಯ ಹೇಳಿದರು: "ಮುಳ್ಳು ತಿರುಗಿಸಿದರಾಯ್ತಲ್ಲ, ಮಗಳೇ." ಗೋಡೆ ಗಡಿಯಾರಕ್ಕೆ ಸರಿ, ಲ್ಯಾಪ್‌ಟಾಪಿಗೆ ಬೇಡ. ಎಷ್ಟೋ ಜನ ಎಡವೋದು ಇಲ್ಲೇ. ವಲಯವನ್ನು ಡಬ್ಲಿನ್‌ನಲ್ಲೇ ಬಿಟ್ಟು ಗಂಟೆಯನ್ನು ಮಾತ್ರ 2 ಮಾಡಿದರೆ, ಲ್ಯಾಪ್‌ಟಾಪ್ "ಡಬ್ಲಿನ್‌ನಲ್ಲಿ ಈಗ ಮಧ್ಯಾಹ್ನ 2 ಗಂಟೆ" ಅಂತ ತಿಳಿಯುತ್ತೆ. 9:30ರ ಮೀಟಿಂಗ್ ಅದರ ಲೆಕ್ಕದಲ್ಲಿ ಎಂದೋ ಮುಗಿದ ಕಥೆ! ಅಲ್ಲಿಗೆ ಕ್ಷಣವೇ ತಪ್ಪಿತು. ಬಹಳಷ್ಟು ಆಫೀಸ್ ನೆಟ್‌ವರ್ಕ್‌ಗಳು ಗಡಿಯಾರದಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಲಾಗಿನ್ ಆಗೋಕೇ ಬಿಡೋಲ್ಲ. ಫೋನಿನಲ್ಲೂ ಹೀಗೆ ಕೈಯಾಡಿಸಿದರೆ 30 ಸೆಕೆಂಡಿಗೊಮ್ಮೆ ಬದಲಾಗುವ ಆ ಆರಂಕಿಯ ಕೋಡ್ ಇದೆಯಲ್ಲ, ಅದೂ ಕೈಕೊಡುತ್ತೆ. ಬದಲಿಸಬೇಕಾದ್ದು ಟೈಮ್ ಝೋನ್, ಟೈಮ್ ಅಲ್ಲ.

ವಿಂಡೋಸ್ ಆದರೆ ಸೆಟ್ಟಿಂಗ್ಸ್‌ನಲ್ಲಿ 'ಟೈಮ್ ಅಂಡ್ ಲ್ಯಾಂಗ್ವೇಜ್', ಅದರೊಳಗೆ 'ಡೇಟ್ ಅಂಡ್ ಟೈಮ್'. ಅಲ್ಲಿ ಎರಡು ಸ್ವಿಚ್ ಇವೆ. 'ಸೆಟ್ ಟೈಮ್ ಆಟೊಮ್ಯಾಟಿಕಲಿ' ಅನ್ನೋದು ಕ್ಷಣಕ್ಕೆ ಸಂಬಂಧಪಟ್ಟದ್ದು, ಅದು ಯಾವತ್ತೂ ಆನ್ ಇರಲಿ. 'ಸೆಟ್ ಟೈಮ್ ಝೋನ್ ಆಟೊಮ್ಯಾಟಿಕಲಿ' ಅನ್ನೋದು ಊರಿಗೆ ಸಂಬಂಧಪಟ್ಟದ್ದು. ದೇಶ ದೇಶ ಸುತ್ತುವಾಗ ಇದೂ ಆನ್ ಇದ್ದರೆ ಒಳ್ಳೆಯದು, ಆದರೆ ಲೊಕೇಶನ್ ಅನುಮತಿ ಕೊಡದಿದ್ದರೆ ಕೆಲಸ ಮಾಡೋಲ್ಲ. 'ಪ್ರೈವಸಿ ಅಂಡ್ ಸೆಕ್ಯುರಿಟಿ'ಯಲ್ಲಿ ಲೊಕೇಶನ್ ಆನ್ ಮಾಡಬೇಕು. ಮ್ಯಾಕ್‌ನಲ್ಲಿ 'ಜನರಲ್', 'ಡೇಟ್ ಅಂಡ್ ಟೈಮ್', ಜೊತೆಗೆ ಲೊಕೇಶನ್ ಸರ್ವಿಸಸ್‌ನಲ್ಲಿ ಟೈಮ್ ಝೋನ್‌ಗೆ ಅನುಮತಿ. ಆಫೀಸು ಕೊಟ್ಟ ಲ್ಯಾಪ್‌ಟಾಪಿನಲ್ಲಿ ಇವು ಬೂದಿ ಬಣ್ಣಕ್ಕೆ ತಿರುಗಿ ಒತ್ತಲು ಬಾರದಂತಿದ್ದರೆ ಐಟಿಯವರನ್ನು ಕೇಳಬೇಕು. ಅದನ್ನು ಹೊರಡುವ ಮುಂಚೆ ಕೇಳೋದು ಜಾಣತನ.

ಒಂದೇ ಮನೆಯಲ್ಲಿ ಆರು ವಾರ, ದಿನವೂ ವಿಪಿಎನ್ ಅಂದಾಗ ಮಾತ್ರ ಈ ಎರಡನೇ ಸ್ವಿಚ್ ಆಫ್ ಮಾಡಿ ವಲಯವನ್ನು ಕೈಯಾರೆ ಆರಿಸೋದೇ ಸರಿ. ಅವಳು ಹಾಗೇ ಮಾಡಿದಳು. ವಿಂಡೋಸ್ ಪಟ್ಟಿಯಲ್ಲಿ ಬೆಂಗಳೂರನ್ನು ಹುಡುಕಬೇಡಿ, ಸಿಗೋಲ್ಲ. ಚೆನ್ನೈ, ಕೋಲ್ಕತ್ತ, ಮುಂಬೈ, ನವದೆಹಲಿ ಅಂತ ನಾಲ್ಕು ಹೆಸರಿದೆ. ಐಟಿ ರಾಜಧಾನಿ ಅಂತ ಎಷ್ಟು ಬೀಗಿದರೂ ಆ ಸಾಲಿನಲ್ಲಿ ನಮಗೆ ಜಾಗ ಇಲ್ಲ.

ವಲಯ ತಪ್ಪಿದ್ದರೂ ಮೊದಲೇ ಬಂದ ಮೀಟಿಂಗ್‌ಗಳಿಗೆ ಅಪಾಯ ಕಡಿಮೆ, ಕ್ಯಾಲೆಂಡರ್ ಅವನ್ನು ಕ್ಷಣವಾಗಿಯೇ ನೆನಪಿಟ್ಟಿರುತ್ತೆ. ತೊಂದರೆ ಆಗೋದು ನೀವೇ ಹೊಸ ಮೀಟಿಂಗ್ ಕರೆದಾಗ. ಶ್ರೀಮಂಗಲದ ನಾಲ್ಕು ಗಂಟೆ ಅಂದುಕೊಂಡು 4 ಅಂತ ಒತ್ತಿದರೆ ಅದು ಡಬ್ಲಿನ್‌ನ ನಾಲ್ಕಾಗಿ, ಇಲ್ಲಿ ರಾತ್ರಿ ಎಂಟೂವರೆ ಆಗಿರುತ್ತೆ. ಅದಕ್ಕೇ ಔಟ್‌ಲುಕ್, ಗೂಗಲ್ ಕ್ಯಾಲೆಂಡರ್ ಎರಡರಲ್ಲೂ ಇರುವ ಎರಡನೇ ವಲಯದ ಪಟ್ಟಿಯನ್ನು ತೆರೆದಿಟ್ಟುಕೊಳ್ಳಿ. ಇವಳು ಒಂದಕ್ಕೆ 'ಆಫೀಸು', ಇನ್ನೊಂದಕ್ಕೆ 'ಮನೆ' ಅಂತ ಹೆಸರಿಟ್ಟಳು. ಮೇಲ್‌ನಲ್ಲಿ ಬರೆಯುವಾಗ ಇನ್ನೊಂದು ತಮಾಷೆ ಇದೆ: ಐಎಸ್‌ಟಿ ಅಂದರೆ ನಮಗೆ ಭಾರತದ ಸಮಯ, ಐರ್ಲೆಂಡಿನವರಿಗೆ ಅವರ ಬೇಸಿಗೆ ಸಮಯದ ಹೆಸರೂ ಅದೇ! "4 ಗಂಟೆ ಐಎಸ್‌ಟಿ" ಅಂತ ಡಬ್ಲಿನ್‌ಗೆ ಬರೆದರೆ ಇಬ್ಬರೂ ಸರಿ, ಮೀಟಿಂಗ್ ಮಾತ್ರ ಇಲ್ಲ. ಊರಿನ ಹೆಸರನ್ನೇ ಬರೆಯೋದು ಕ್ಷೇಮ.

ನಮ್ಮ ಐದೂವರೆಗೂ ಒಂದು ಊರಿದೆ ಅನ್ನಿ. 1906ರ ಜನವರಿ 1ರಿಂದ ಜಾರಿಗೆ ಬಂದ ಭಾರತೀಯ ಕಾಲಮಾನ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಅದು ಹಾದು ಹೋಗೋದು ಉತ್ತರ ಪ್ರದೇಶದ ಮಿರ್ಜಾಪುರದ ಬಳಿ. ಶ್ರೀಮಂಗಲ ಇರೋದು ಸುಮಾರು 76 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಸೂರ್ಯ ಗಡಿಯಾರಕ್ಕಿಂತ ಹತ್ತಿರ ಹತ್ತಿರ 26 ನಿಮಿಷ ಹಿಂದೆ. ವರ್ಷದ ಸರಾಸರಿ ಹಿಡಿದರೆ ಇಲ್ಲಿ ಸೂರ್ಯ ನೆತ್ತಿಗೆ ಬರೋದು 12:26ರ ಆಸುಪಾಸಿಗೆ. ಅಸ್ಸಾಮಿನ ಚಹಾ ತೋಟಗಳಲ್ಲಿ ಇದು ಉಲ್ಟಾ. ಅಲ್ಲಿ ಬೆಳಗಾಗೋದು ಬೇಗ, ಹಾಗಾಗಿ ತೋಟದ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು 'ಬಾಗಾನ್ ಟೈಮ್' ಅಂತಾರೆ. ನಮ್ಮ ಕಾಫಿ ತೋಟಗಳಿಗೆ ಆ ಗೊಡವೆ ಇಲ್ಲ. ಚಿಕ್ಕಪ್ಪನ ಐದು ನಿಮಿಷವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಸಂಕ್ರಮಣ ಮುಗಿದು, ಮನೆಯಲ್ಲಿ ಕಣಿಪೂಜೆ ಆಗಿ, ದೋಸೆ ಕುಂಬಳಕಾಯಿ ಸಾರು ತಿಂದದ್ದೂ ಆಯ್ತು. ಗದ್ದೆಯಲ್ಲಿ ಬೊತ್ತು ನೆಟ್ಟದ್ದು ಈ ಸಲ ಅವಳೇ. ಅಲ್ಲಿಗೆ ಗಡಿಯಾರದ ಕಾಟ ಮುಗಿಯಿತು ಅಂದುಕೊಳ್ಳುವಾಗ ಅಕ್ಟೋಬರಿನ ಕೊನೆಯ ಭಾನುವಾರ ಬಂತು. ಐರ್ಲೆಂಡಿನಲ್ಲಿ ಬೇಸಿಗೆ ಸಮಯ ಮುಗಿಯೋದು ಅವತ್ತೇ, ಅಲ್ಲಿನ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ. ಶ್ರೀಮಂಗಲದಲ್ಲಿ ಏನೂ ಬದಲಾಗಿಲ್ಲ, ಆದರೂ ಸೋಮವಾರದಿಂದ ಅವಳ 2 ಗಂಟೆಯ ಮೀಟಿಂಗ್ 3 ಗಂಟೆಗೆ. ವಲಯ ಸರಿ ಇದ್ದದ್ದರಿಂದ ಕ್ಯಾಲೆಂಡರೇ ಅದನ್ನು ಸರಿಸಿಕೊಂಡಿತು. ಅಮೆರಿಕದವರ ಜೊತೆ ಕೆಲಸ ಮಾಡುವವರು ನೆನಪಿಡಿ, ಅಲ್ಲಿ ಈ ಬದಲಾವಣೆ ನವೆಂಬರಿನ ಮೊದಲ ಭಾನುವಾರ. ನಡುವಿನ ಆ ಒಂದು ವಾರ ಯುರೋಪು, ಅಮೆರಿಕ, ಭಾರತ ಮೂರೂ ಸೇರುವ ಕರೆಗಳಲ್ಲಿ ಯಾರೋ ಒಬ್ಬರು ಒಂದು ಗಂಟೆ ಮುಂಚೆ ಬಂದು ಕಾಯ್ತಾ ಇರ್ತಾರೆ.

ಸಿಕ್ಕಿದ ಆ ಒಂದು ಗಂಟೆಯಲ್ಲಿ ಅವಳು ಅಮ್ಮನನ್ನು ಇರ್ಪುವಿಗೆ ಕರೆದುಕೊಂಡು ಹೋದಳು. ಜಲಪಾತದವರೆಗೆ ಮೆಟ್ಟಿಲು ಹತ್ತೋದು ಚಿಕ್ಕಮ್ಮನಿಂದ ಆಗೋಲ್ಲ. ಕೆಳಗೆ ರಾಮೇಶ್ವರ ದೇವಸ್ಥಾನದವರೆಗೆ ಕೋಲೂರಿಕೊಂಡು ಬಂದರು, ಆಪರೇಷನ್ ಆದ ಮೇಲೆ ಮನೆ, ಡಾಕ್ಟರು ಬಿಟ್ಟರೆ ಬೇರೆ ಕಡೆಗೆ ಅದೇ ಮೊದಲು. ಲಕ್ಷ್ಮಣತೀರ್ಥದ ನೀರು ಆಗಿನ್ನೂ ಜೋರಾಗಿತ್ತು. ಎರಡೂವರೆಗೆ ಮನೆ ಸೇರಿ ಮೂರಕ್ಕೆ ಮೇಜಿನ ಮುಂದೆ ಕೂತಿದ್ದಳು.

ಆರು ವಾರದಲ್ಲಿ ಒಂದು ಮೀಟಿಂಗೂ ತಪ್ಪಲಿಲ್ಲ. ಬರುವ ವರ್ಷ ಪುತ್ತರಿಗೂ ಹೀಗೇ ಬರ್ತೀನಿ ಅಂತ ಆಗಲೇ ಮೇಲ್ ಹಾಕಿದ್ದಾಳೆ. ಹೊರಟ ದಿನ ಕಣ್ಣೂರಿನಲ್ಲಿ ಬೋರ್ಡಿಂಗ್‌ಗೆ ಕಾಯುವಾಗ ಮಾಡಿದ ಕೆಲಸ, ಆಫ್ ಮಾಡಿದ್ದ ಆ ಎರಡನೇ ಸ್ವಿಚ್ಚನ್ನು ಮತ್ತೆ ಆನ್ ಮಾಡಿದ್ದು. ಮುಂದೆ ಅಬುಧಾಬಿ ಇತ್ತಲ್ಲ.