ಮೊದಲ ದಿನದ ರಕ್ಷೆ

ಉಸಿರು, ನೆತ್ತರು, ಹಾಲು, ನುಡಿ ಎಲ್ಲವೂ ಮಗುವಿಗೆ ತಾಯಿಯಿಂದಲೇ ಬರುತ್ತವೆ. ಆದರೆ ತಾನರಿಯದೆಯೇ ಅವಳು ಒಂದು ಕೇಡನ್ನೂ ಕೊಟ್ಟುಬಿಡಬಹುದು. ಪೂರ್ವ ಏಷ್ಯದ ತೈವಾನ್ ದ್ವೀಪದಲ್ಲಿ ತಲೆಮಾರುಗಳ ಕಾಲ ಹೀಗೆಯೇ ನಡೆಯಿತು.

ಆ ಕೇಡಿನ ಹೆಸರು ಹೆಪಟೈಟಿಸ್-ಬಿ. ಇದು ಯಕೃತ್ತನ್ನು ಹಿಡಿಯುವ ವೈರಸ್ ರೋಗ. ಸೋಂಕಿದ ರಕ್ತದಿಂದ, ಶುದ್ಧಗೊಳಿಸದ ಸೂಜಿಗಳಿಂದ, ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ ಹೀಗೆ ಹಲವು ಬಗೆಯಲ್ಲಿ ಇದು ಹರಡುತ್ತದೆ. ಜೊತೆಯಲ್ಲಿ ಕುಳಿತು ಉಂಡರಾಗಲಿ, ಕೈಹಿಡಿದು ನಡೆದರಾಗಲಿ ಹರಡುವುದಿಲ್ಲ. ಆದುದರಿಂದ ರೋಗಿಯನ್ನು ದೂರವಿಡುವುದು ಅಜ್ಞಾನವೇ ಹೊರತು ಎಚ್ಚರಿಕೆಯಲ್ಲ.

ಈ ರೋಗದ ಸ್ವಭಾವ ವಿಚಿತ್ರವಾದುದು. ಆರೋಗ್ಯವಂತರಾದ ವಯಸ್ಕರ ಮೈಸೇರಿದರೆ ನೂರಕ್ಕೆ 95ರಷ್ಟು ಮಂದಿ ಅದನ್ನು ಗೆದ್ದುಕೊಳ್ಳುತ್ತಾರೆ. ಹಸುಗೂಸುಗಳ ಮೈಸೇರಿದರೆ ನೂರಕ್ಕೆ 90ರಷ್ಟು ಕೂಸುಗಳಲ್ಲಿ ಅದು ಬಿಡದೆ ನೆಲೆಯೂರುತ್ತದೆ. ಹತ್ತಾರು ವರ್ಷ ಸದ್ದಿಲ್ಲದೆ ಅಡಗಿದ್ದು, ಹಲವರಲ್ಲಿ ಯಕೃತ್ತಿನ ಕ್ಯಾನ್ಸರ್ ಆಗಿ ತಲೆಯೆತ್ತುತ್ತದೆ.

1960ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಬರೂಚ್ ಬ್ಲಂಬರ್ಗ್ ಅವರು ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಅಪರಿಚಿತ ಪ್ರೋಟೀನೊಂದನ್ನು ಕಂಡರು. ಅವರು ಅರಸುತ್ತಿದ್ದುದು ಜನಾಂಗಗಳ ರಕ್ತದಲ್ಲಿರುವ ವ್ಯತ್ಯಾಸಗಳನ್ನು. ದೊರೆತುದು ಈ ವೈರಸ್ಸಿನ ಹೊರಕವಚದ ಅಂಶ. ಮುಂದೆ ಅದರಿಂದಲೇ ಲಸಿಕೆ ಸಿದ್ಧವಾಯಿತು. 1976ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು.

ಆ ಕಾಲದ ತೈವಾನಿನಲ್ಲಿ ನೂರು ಜನರಲ್ಲಿ 15ರಿಂದ 20 ಮಂದಿ ಈ ವೈರಸ್ಸನ್ನು ಹೊತ್ತಿದ್ದರು. ಪಾಮರ್ ಬೀಸ್ಲಿ ಎಂಬ ವೈದ್ಯರೂ ಅವರ ಸಂಗಡಿಗರೂ ಅಲ್ಲಿನ 22,707 ಪುರುಷರನ್ನು ವರ್ಷಗಟ್ಟಲೆ ಗಮನಿಸಿ, ಈ ಸೋಂಕಿಗೂ ಕ್ಯಾನ್ಸರಿಗೂ ಇರುವ ನಂಟನ್ನು 1981ರಲ್ಲಿ ಪ್ರಕಟಿಸಿದರು. 1984ರಲ್ಲಿ ಸರ್ಕಾರವು ಸೋಂಕುಳ್ಳ ತಾಯಂದಿರ ಶಿಶುಗಳಿಗೆ ಲಸಿಕೆ ಹಾಕಿಸತೊಡಗಿತು. ಎರಡು ವರ್ಷಗಳ ಬಳಿಕ ಎಲ್ಲ ಶಿಶುಗಳಿಗೂ ಅದನ್ನು ವಿಸ್ತರಿಸಿತು. ಹತ್ತು ವರ್ಷಗಳಲ್ಲಿ, 6ರಿಂದ 14 ವರ್ಷದ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರ್ ಸುಮಾರು ಅರ್ಧಕ್ಕಿಳಿಯಿತು. ಲಸಿಕೆಯು ಕ್ಯಾನ್ಸರನ್ನೂ ತಡೆಯಬಲ್ಲದೆಂಬುದನ್ನು ಜಗತ್ತು ಮೊದಲು ಕಂಡದ್ದು ಅಲ್ಲಿ.

ಈ ಲಸಿಕೆಯ ಮೊದಲ ಸೂಜಿಯನ್ನು ಹುಟ್ಟಿದ 24 ಗಂಟೆಗಳೊಳಗೆ ಚುಚ್ಚಬೇಕು. ಭಾರತದಲ್ಲಿ 2011ರಿಂದ ಈ ಲಸಿಕೆ ದೇಶದ ಎಲ್ಲ ಶಿಶುಗಳಿಗೂ ಸಲ್ಲುವಂತಾಯಿತು. ಆದರೆ 2022ರಲ್ಲಿ ಆಫ್ರಿಕದ ಐದು ಶಿಶುಗಳಲ್ಲಿ ಒಂದಕ್ಕೂ ಮೊದಲ ದಿನದ ಸೂಜಿ ದೊರೆಯಲಿಲ್ಲ. ಆ ವರ್ಷ ಜಗತ್ತಿನಲ್ಲಿ ಈ ರೋಗದಿಂದ ಮಡಿದವರು ಸುಮಾರು 11 ಲಕ್ಷ ಮಂದಿ.

ಯಾವ ತಾಯಿಯೂ ತನ್ನ ಕೂಸಿಗೆ ಕೇಡು ಬಯಸಳು. ಅವಳ ರಕ್ತದಲ್ಲಿ ಅಡಗಿದ ಕೇಡು ಕೂಸನ್ನು ಮುಟ್ಟದಂತೆ ತಡೆಯಲು ಇರುವುದು ಒಂದು ದಿನದ ಅವಕಾಶ. ಅದನ್ನು ಕಳೆಯದೆ ಉಳಿಸಿಕೊಡುವ ಹೊಣೆ ತಾಯಿಯೊಬ್ಬಳದಲ್ಲ, ಅದು ಸಮಾಜದ್ದು.