ಆಗುಂಬೆಯಲ್ಲಿ ಕರೆಂಟ್ ಹೋದ ರಾತ್ರಿ

ನನ್ನ ಸ್ಲೀಪ್ ಆಪ್ನಿಯಾಗೆ ಸಿಪ್ಯಾಪ್ ಮಷೀನ್ ಬಂದ ಮೇಲೆ ನಮ್ಮ ಮೊದಲ ಟ್ರಿಪ್ ಆಗುಂಬೆಗೆ. ಜುಲೈ ಮಳೆ, ಸನ್‌ಸೆಟ್ ಪಾಯಿಂಟ್‌ನಲ್ಲಿ ಕಂಡಿದ್ದು ಬರೀ ಮಂಜು. ಹೋಂಸ್ಟೇಯಲ್ಲಿ ಬಿಸಿ ಕಷಾಯ ಕುಡಿದು, ಮಾಸ್ಕ್ ಹಾಕ್ಕೊಂಡು ಮಲಗಿದೆ.

ನಡುರಾತ್ರಿ ಕರೆಂಟ್ ಹೋಯ್ತು. ಗಾಳಿ ನಿಂತಿದ್ದೇ ದಡಬಡಿಸಿ ಎದ್ದು ಮಾಸ್ಕ್ ಕಿತ್ತೆ.

"ಮಗ್ಗುಲಾಗಿ ಮಲ್ಕೊ, ನಾನು ಎದ್ದಿರ್ತೀನಿ" ಅಂದಳು ಹೆಂಡತಿ.

ಮೊದಲೂ ಹಾಗೇ. ನಿದ್ದೆಯಲ್ಲಿ ಗಂಟಲು ಸಡಿಲಾಗಿ ಉಸಿರಿನ ದಾರಿ ಮುಚ್ಚುತ್ತಿತ್ತು. ಗೊರಕೆ ನಿಂತಾಗೆಲ್ಲ ಹೆದರಿ ನನ್ನನ್ನು ತಟ್ಟಿ ಎಬ್ಬಿಸುತ್ತಿದ್ದಳು. ಮಾಸ್ಕಿನ ಗಾಳಿಯ ಒತ್ತಡ ಆ ದಾರಿಯನ್ನು ತೆರೆದಿಡುತ್ತೆ. ಆದರೂ ಮೊದಲ ವಾರಗಳಲ್ಲಿ 'ನನ್ನ ನಿದ್ದೆ, ನನ್ನಿಷ್ಟ' ಅಂತ ಕಿತ್ತೆಸೆಯುತ್ತಿದ್ದೆ.

ಬೆಳಿಗ್ಗೆ ಉಡುಪಿ ಬಸ್ ಹತ್ತಿದ್ದೇ ಅವಳು ನನ್ನ ಭುಜಕ್ಕೊರಗಿ ನಿದ್ದೆಹೋದಳು. ಘಾಟಿಯ ತಿರುವುಗಳಲ್ಲೂ ಎಚ್ಚರವಾಗಲಿಲ್ಲ.

ಮುಂದಿನ ಟ್ರಿಪ್‌ಗೆ ಮಷೀನಿಗೊಂದು ಬ್ಯಾಟರಿ ತಗೊಳ್ತೀನಿ. ಅವಳೂ ಮಲಗಬೇಕಲ್ವಾ?