ಕಟ್ಟುಕಥೆಯ ಕಡಲತೀರದಲ್ಲಿ ಒಂದು ದಿನ

ಕಥೆ ನಡೆದ ಸ್ಥಳವನ್ನು ನೋಡಲು ಜನ ಹಂಪೆಗೆ ಹೋಗುವುದನ್ನು ಬಲ್ಲೆ. ಎಂದೂ ನಡೆಯದ ಕಥೆಯ ಸ್ಥಳವನ್ನು ನೋಡಲೂ ಹಣ ತೆತ್ತು ಹೋಗುವವರುಂಟೆಂದು ನನಗೆ ತಿಳಿದುದು ಕಳೆದ ಬೇಸಿಗೆಯ ರಜೆಯಲ್ಲಿ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ದಾದಿಯಾಗಿರುವ ನನ್ನ ಚಿಕ್ಕಮ್ಮ ಟಿಕೆಟ್ ಕಳುಹಿಸಿ ನನ್ನನ್ನು ಕರೆಸಿಕೊಂಡಿದ್ದರು. “ಪೇಟೆ ನೋಡಿದ್ದು ಸಾಕು, ಒಂದು ದಿನ ಕರಾವಳಿ ನೋಡಿಕೊಂಡು ಬಾ” ಎಂದು ಪ್ರವಾಸದ ಬಸ್ಸಿಗೆ ಹತ್ತಿಸಿದರು. ಕುಂದಾಪುರದ ಕಡಲ ದಡದಲ್ಲಿ ಹುಟ್ಟಿದವನಿಗೆ ಕರಾವಳಿಯ ಪ್ರವಾಸ!

ಅದು ‘ಗೇಮ್ ಆಫ್ ಥ್ರೋನ್ಸ್’ ಎಂಬ ಟೆಲಿವಿಷನ್ ಧಾರಾವಾಹಿಯನ್ನು ಚಿತ್ರಿಸಿದ ಸ್ಥಳಗಳ ಪ್ರವಾಸ. ರಾಜರು, ಸಿಂಹಾಸನ, ಬೆಂಕಿಯುಗುಳುವ ಘಟಸರ್ಪಗಳ ಆ ಕಥೆ 2011ರಿಂದ 2019ರವರೆಗೆ ಪ್ರಸಾರವಾಯಿತು. ಅದರ ದೊಡ್ಡ ಭಾಗವನ್ನು ಆ ಸೀಮೆಯಲ್ಲಿಯೇ ತೆಗೆದರು. ಹಾಸ್ಟೆಲಿನ ಗೆಳೆಯನ ಮೊಬೈಲಿನಲ್ಲಿ ಎರಡು ಕಂತು ನೋಡಿದ್ದಷ್ಟೇ ನನ್ನ ಪಾಂಡಿತ್ಯ. ನಮ್ಮ ಮಾರ್ಗದರ್ಶಕರಾದರೋ ಅದರಲ್ಲಿ ಸೈನಿಕರ ಗುಂಪಿನಲ್ಲಿ ನಿಂತವರು; ಎರಡು ಸಲ ಸತ್ತೆನೆಂದು ಬಹಳ ಹೆಮ್ಮೆಯಿಂದ ಹೇಳಿಕೊಂಡರು.

ಮೊದಲು ಕುಶೆಂಡನ್ ಎಂಬ ಹಳ್ಳಿಯ ಗುಹೆಗಳು. ಮಾಟಗಾತಿಯೊಬ್ಬಳು ನೆರಳನ್ನು ಹೆತ್ತದ್ದು ಇಲ್ಲಿಯೇ ಎಂದಾಗ ಎಲ್ಲರೂ ಭಕ್ತಿಯಿಂದ ಫೋಟೋ ತೆಗೆದರು. ನಾನೂ ತೆಗೆದೆ.

ಮಧ್ಯಾಹ್ನದ ಹೊತ್ತಿಗೆ ಕ್ಯಾರಿಕ್-ಎ-ರೀಡ್ ಎಂಬಲ್ಲಿಗೆ ಬಂದೆವು. ಪಕ್ಕದ ಹಳೆಯ ಸುಣ್ಣಕಲ್ಲಿನ ಗಣಿಯಲ್ಲಿ ರಾಜನೊಬ್ಬನ ಪಾಳೆಯವನ್ನು ಚಿತ್ರಿಸಿದ್ದರಂತೆ. ನನ್ನ ಕಣ್ಣು ಹೋದದ್ದು ಕಡಲ ಕಡೆಗೆ. ದಡದಿಂದ ಪುಟ್ಟ ಬಂಡೆದ್ವೀಪವೊಂದಕ್ಕೆ, ಸುಮಾರು 30 ಮೀಟರ್ ಎತ್ತರದಲ್ಲಿ, 20 ಮೀಟರ್ ಉದ್ದದ ಹಗ್ಗದ ಸೇತುವೆ ತೂಗುತ್ತಿತ್ತು. “ಇದು ಯಾವ ರಾಜನದು?” ಎಂದೆ. “ರಾಜರದಲ್ಲ, ಮೀನುಗಾರರದು” ಎಂದರು.

ಆ ಬಂಡೆಯ ಬಳಿ ಹಾದುಹೋಗುವ ಸಾಮನ್ ಮೀನಿಗೆ ಬಲೆಯೊಡ್ಡಲು 1755ರಲ್ಲಿ ಮೀನುಗಾರರೇ ಅಲ್ಲಿ ಮೊದಲ ಸೇತುವೆ ಕಟ್ಟಿದರು. 1970ರ ದಶಕದಲ್ಲಿಯೂ ಅದಕ್ಕಿದ್ದುದು ಒಂದೇ ಕೈಹಗ್ಗ. ಹಲಗೆ ಹಲಗೆಯ ನಡುವೆ ಬಾಯಿಬಿಟ್ಟ ಸಂದು. 1960ರ ದಶಕದವರೆಗೆ ದಿನವೊಂದಕ್ಕೆ ಸುಮಾರು 300 ಮೀನು ಸಿಗುತ್ತಿದ್ದುವು. 2002ರಲ್ಲಿ ಇಡೀ ಋತುವಿಗೆ ಸಿಕ್ಕಿದುದು 300. ಆ ವರ್ಷಕ್ಕೆ ಕಸುಬು ನಿಂತಿತು. ಈಗ ಸೇತುವೆ ಭದ್ರವಾಗಿದೆ. ದಾಟಲು ಟಿಕೆಟ್ ಉಂಟು.

ದಾಟುವಾಗ ಕೆಳಗೆ ನೋಡಿದೆ. ಬಲೆಯಿಲ್ಲ, ದೋಣಿಯಿಲ್ಲ. ನಮ್ಮ ಅಜ್ಜನ ನೆನಪಾಯಿತು. ಊರಿಗೆ ಊರೇ ಸೇರಿ ದಡದಿಂದ ಎಳೆಯುತ್ತಿದ್ದ ರಂಪಣಿ ಬಲೆಯ ಕಾಲದವರು ಅವರು. 1970ರ ದಶಕದಲ್ಲಿ ಯಂತ್ರದೋಣಿಯ ಪರ್ಸೀನ್ ಬಲೆ ಬಂದ ಮೇಲೆ ಆ ದೊಡ್ಡ ಬಲೆಗಳು ಮೂಲೆ ಸೇರಿದುವು. ಅಪ್ಪ ಇಂದಿಗೂ ಸಣ್ಣ ಕೈರಂಪಣಿ ಎಳೆಯುತ್ತಾರೆ.

ಅಲ್ಲಿಂದ ಬ್ಯಾಲಿಂಟಾಯ್ ಎಂಬ ಬಂದರು. ಕಥೆಯಲ್ಲಿ, ಪರರ ಮನೆಯಲ್ಲಿ ಬೆಳೆದ ರಾಜಕುಮಾರನೊಬ್ಬ ಒಳ್ಳೆಯ ಉಡುಪು ತೊಟ್ಟು ತನ್ನ ಕಡಲ ಜನರ ಬಳಿಗೆ ಹಿಂದಿರುಗಿ ಇಲ್ಲಿ ಇಳಿಯುತ್ತಾನೆ. ಎದುರುಗೊಳ್ಳಲು ಯಾರೂ ಇಲ್ಲ. ತಂದೆಗೆ ಅವನ ಉಡುಪನ್ನು ಕಂಡು ತಿರಸ್ಕಾರ. ಮಾರ್ಗದರ್ಶಕರು ಎಲ್ಲರಿಗೂ ನಿಲುವಂಗಿ, ಕತ್ತಿ ಕೊಟ್ಟು ಫೋಟೋಕ್ಕೆ ನಿಲ್ಲಿಸಿದರು. ಎಲ್ಲರೂ ನಕ್ಕರು, ನನಗೆ ನಗು ಬರಲಿಲ್ಲ. ಈ ಕಾಲೇಜಿಗೆ ಸೇರಿದಾಗ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬಲ್ಲಿ ನಾನು ‘ವ್ಯಾಪಾರ’ ಎಂದು ಬರೆದಿದ್ದೆ. ಯಾರೂ ಹಾಗೆ ಬರೆಯೆಂದಿರಲಿಲ್ಲ.

ಹಿಂದಿರುಗುವ ದಾರಿಯಲ್ಲಿ ‘ಡಾರ್ಕ್ ಹೆಡ್ಜಸ್’ ಎಂಬ ಸಾಲುಮರಗಳನ್ನು ತೋರಿಸಿದರು. 18ನೆಯ ಶತಮಾನದಲ್ಲಿ ನೆಟ್ಟ ಬೀಚ್ ಮರಗಳು. 2016ರ ಬಿರುಗಾಳಿಗೆ ಉರುಳಿದ ಎರಡು ಮರಗಳಿಂದ, ಧಾರಾವಾಹಿಯ ಕಥೆಯನ್ನು ಕೆತ್ತಿದ 10 ಬಾಗಿಲುಗಳನ್ನು ಮಾಡಿದ್ದಾರೆ. ಕಟ್ಟುಕಥೆಗೆ ಹತ್ತು ಬಾಗಿಲು. ದುಡಿದವರಿಗೆ ಒಂದು ಸೇತುವೆ.

ಊರಿಗೆ ಬಂದು ಅಪ್ಪನಿಗೆ ಫೋಟೋಗಳನ್ನು ತೋರಿಸಿದೆ. ಕತ್ತಿ ಹಿಡಿದ ಮಗನನ್ನು ಕಂಡು ಸ್ವಲ್ಪ ನಕ್ಕರು. ಸೇತುವೆಯನ್ನು ಬಹಳ ಹೊತ್ತು ನೋಡಿದರು. “ಆಚೆ ಕಡೆ ಹಗ್ಗವನ್ನು ಎಲ್ಲಿಗೆ ಕಟ್ಟಿದ್ದಾರೆ?” ಎಂದು ಕೇಳಿದರು. ನಾನು ಅದನ್ನು ಗಮನಿಸಿರಲಿಲ್ಲ. “ಈಗ ಅಲ್ಲಿ ಮೀನು ಹಿಡಿಯುವವರು?” ಎಂದರು. “ಯಾರೂ ಇಲ್ಲಪ್ಪ” ಎಂದೆ. ಅವರು ಮಾತನಾಡದೆ ಹರಿದ ಬಲೆಯನ್ನು ಮತ್ತೆ ಕೈಗೆ ತೆಗೆದುಕೊಂಡರು.

ಈ ವರ್ಷ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಅದೇ ಸಾಲು ಮತ್ತೆ ಎದುರಾಯಿತು. ‘ಮೀನುಗಾರಿಕೆ’ ಎಂದು ಬರೆದೆ.